ಇದೆಲ್ಲಾ ಯಾಕ್ ತರಕ್ ಹೋದ್ರಿ?

‘ಏನೂ ತರಬೇಡಿ, ನೀವು ಬಂದ್ರೆ ಅದೇ ಸಾಕು’ ಎಂದು ಊಟಕ್ಕೆ ಕರೆಯುವವರು ಹೇಳುತ್ತಾರಲ್ಲ, ಆ ಮಾತನ್ನು ನಿಜವೆಂದು ನಂಬಿ ಕೈಬೀಸಿಕೊಂಡು ಹೋದವರನ್ನು ಅಂತರಸಂತೆ ಕಡೆಯ ಜನ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಎದುರಿಗೆ ಯಾರೂ ಒಂದು ಮಾತು ಆಡುವುದಿಲ್ಲ. ಮುದ್ದೆ ಇಕ್ಕುತ್ತಾರೆ, ಸಾರು ಬಿಡುತ್ತಾರೆ, ‘ಇನ್ನೊಂದ್ ತುತ್ತು ಉಣ್ಣಿ’ ಎಂದು ಬಲವಂತ ಮಾಡುತ್ತಾರೆ. ನೀವು ಬೀದಿ ತಿರುಗಿ ಮರೆಯಾದ ಮೇಲೆ ಮನೆಯ ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರುತ್ತ ಸುಮ್ಮನೆ ಕೇಳುತ್ತಾಳೆ: ‘ಪಾಪ, ಬಸ್ ಇಳ್ಯೋ ಹೊತ್ಗೆ ಅಂಗ್ಡಿಯೆಲ್ಲಾ ಮುಚ್ಚಿದ್ವೇನೋ?’

ಹಾಗಂತ ಕೈಯಲ್ಲಿ ಏನೋ ಒಂದು ತೂಗಾಡಿಸಿಕೊಂಡು ಹೋದಿರಿ, ಗೆದ್ದಿರಿ ಎಂದೂ ಅಲ್ಲ. ಬಾಗಿಲಲ್ಲಿ ಒಂದು ಸಣ್ಣ ನಾಟಕ ಆಗಬೇಕು. ಮನೆಯಾಕೆ ಚೀಲವನ್ನು ನೋಡಿಯೂ ನೋಡದವಳಾಗಿ, ‘ಅಯ್ಯೋ, ಇದೆಲ್ಲಾ ಯಾಕ್ ತರಕ್ ಹೋದ್ರಿ?’ ಎನ್ನಬೇಕು. ನೀವು, ‘ಏನಿಲ್ಲ ಬುಡಿ ಅಕ್ಕ, ಮಕ್ಳಿಗೆ ಅಂತ’ ಎನ್ನಬೇಕು. ಮನೆಯ ಕಿರಿಯ ಮಗುವಿಗೆ ನಲವತ್ತು ದಾಟಿ ಮಂಡಿನೋವು ಶುರುವಾಗಿದ್ದರೂ ಇದೇ ಮಾತು, ಬದಲಾಯಿಸುವ ಹಾಗಿಲ್ಲ. ಜಪಾನಿನವರೂ ಇಂಥವರೇ. ಅಲ್ಲಿ ಒಬ್ಬರ ಮನೆಗೆ ಹೋಗುವಾಗ ‘ತೆಮಿಯಾಗೆ’ ಎಂಬ ಪೊಟ್ಟಣ ಕೈಯಲ್ಲಿರಲೇಬೇಕು, ಕೊಡುವಾಗ ‘ಇದೇನೂ ಅಂಥ ದೊಡ್ಡದಲ್ಲ’ ಎಂದು ತಲೆ ಬಾಗಿಸಲೇಬೇಕು. ನಮ್ಮ ‘ಏನಿಲ್ಲ ಬುಡಿ’ ಅಷ್ಟು ದೂರ ಹೇಗೆ ಹೋಯಿತೋ! ನಾಟಕ ಮುಗಿದ ಮೇಲೆ ಚೀಲ ಒಳಕೋಣೆಗೆ ಹೋಗುತ್ತದೆ. ಬಂದವರ ಎದುರಿಗೇ ಬಿಚ್ಚಿ ನೋಡುವುದು ಮರ್ಯಾದೆಯಲ್ಲ. ಆದರೆ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಕವರಿನ ಸರಬರ ಸದ್ದು ಕೇಳಿಸುತ್ತದೆ. ಸದ್ದು ನಿಂತ ಮೇಲೆ ಒಳಗಿಂದ ಪಿಸುಮಾತು ಬಂದರೆ ನೀವು ಪಾಸು ಮಾತ್ರ. ‘ಏಯ್, ಮೊದ್ಲು ಊಟ, ಆಮೇಲೆ ತಿನ್ನೀವಂತೆ’ ಎಂದು ಮಗುವಿಗೆ ಗದರುವ ದನಿ ಬಂದರೆ ಫಸ್ಟ್ ಕ್ಲಾಸು.

ಈ ಕಡೆಯ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಂತರಸಂತೆ ಹೆಗ್ಗಡದೇವನಕೋಟೆ ತಾಲೂಕಿನ ಹೋಬಳಿ. ಮೈಸೂರಿನಿಂದ ಬಂದು, ಹ್ಯಾಂಡ್‌ಪೋಸ್ಟಿನಲ್ಲಿ ಟೀ ಕುಡಿದು, ಮಾನಂದವಾಡಿ ರಸ್ತೆ ಹಿಡಿದರೆ ಕಾಡು ಶುರುವಾಗುವುದಕ್ಕೆ ಮುಂಚೆ ಸಿಗುವ ಊರು. ನಾಗರಹೊಳೆಯ ಒಂದು ಅರಣ್ಯ ವಲಯಕ್ಕೇ ಇದರ ಹೆಸರಿದೆ. ಒಂದು ಕಡೆ ಕಬಿನಿಯ ಹಿನ್ನೀರು ಮತ್ತು ಭೀಮನಕೊಲ್ಲಿಯ ಮಾದಪ್ಪ, ಇನ್ನೊಂದು ಕಡೆ ಹುಲಿ ನೋಡಲು ಜನ ಜೀಪು ಹತ್ತುವ ದಮ್ಮನಕಟ್ಟೆ. ಮುಂದಿನ ಕಾಡುರಸ್ತೆ ಸಂಜೆ ಆರಕ್ಕೆ ಮುಚ್ಚಿದರೆ ಬೆಳಿಗ್ಗೆ ಆರಕ್ಕೇ ತೆರೆಯುವುದು. ಹೀಗಾಗಿ ಕೇರಳದ ಕಡೆಯಿಂದ ರಾತ್ರಿ ಊಟಕ್ಕೆ ಬಂದ ನೆಂಟ ಬೆಳಗಿನ ತಿಂಡಿಗೂ ನೆಂಟನೇ. ಪಾಪ, ಅವನು ಅದನ್ನು ಅರಿತೇ ನೇಂದ್ರಬಾಳೆ ಚಿಪ್ಸು, ಕೋಳಿಕ್ಕೋಡು ಹಲ್ವ ಎರಡನ್ನೂ ತರುತ್ತಾನೆ, ಒಂದು ರಾತ್ರಿಗೆ, ಒಂದು ಬೆಳಿಗ್ಗೆಗೆ. ಇನ್ನು ನಮ್ಮ ಕಡೆ ಉಡುಗೊರೆ ಆರಿಸುವಾಗ ಆನೆಯ ಅಭಿಪ್ರಾಯವನ್ನೂ ಕೇಳಬೇಕು. ಹಲಸಿನ ಕಾಲದಲ್ಲಿ ಆನೆ ಊರಿಗೆ ಬರುವುದೇ ಆ ವಾಸನೆಗೆ. ಮಾಗಿದ ಹಲಸಿನ ಹಣ್ಣನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕತ್ತಲಾದ ಮೇಲೆ ಕಾಡಂಚಿನ ಮನೆಗೆ ಊಟಕ್ಕೆ ಹೊರಡುವವನು ನೆಂಟರಿಗಲ್ಲ, ಬೇರೆ ಯಾರಿಗೋ ಒಯ್ಯುತ್ತಿದ್ದಾನೆ ಎಂದೇ ಲೆಕ್ಕ.

ಈಗ ಬಾಟ್ಲಿನ ವಿಷಯಕ್ಕೆ ಬರೋಣ. ನಾಚಿಕೆಯಾದರೂ ಯಾಕೆ? ಗಂಡಸರು ಗಂಡಸರನ್ನು ಊಟಕ್ಕೆ ಕರೆದಾಗ ಕೇಳುವ ಮೊದಲ ಪ್ರಶ್ನೆಯೇ ‘ಏನ್ ತಗಂಡ್ ಬರ್ಲಿ?’ ಎಂಬುದು. ಅದರಲ್ಲಿ ‘ಏನ್’ ಎಂಬುದರ ಅರ್ಥ ಬಾಳೆಹಣ್ಣಲ್ಲ. ಹಿಂದೆ ಸಾರಾಯಿ ಪ್ಯಾಕೆಟ್ಟಿನ ಕಾಲ ಇತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ನಿಂತಿದ್ದರಿಂದ ಕುಡಿಯುವುದು ನಿಂತಿತು ಎಂದು ನೀವೇನಾದರೂ ತಿಳಿದಿದ್ದರೆ ಇವತ್ತೇ ನಮ್ಮೂರಿಗೆ ಬನ್ನಿ. ಪ್ಯಾಕೆಟ್ಟಿನಲ್ಲಿ ಇದ್ದವರು ಕ್ವಾಟ್ರಿಗೆ ಬಡ್ತಿ ಪಡೆದರು, ಅಷ್ಟೇ.

ಬಾಟ್ಲಿನ ಮೇಲೆ ನನ್ನ ತಕರಾರು ಧರ್ಮದ್ದಲ್ಲ, ದಾರಿಯದ್ದು. ಬೇರೆ ಎಲ್ಲ ಉಡುಗೊರೆಯೂ ಮುಂಬಾಗಿಲಿಂದ ಒಳಗೆ ಬರುತ್ತದೆ. ಇದೊಂದು ಮಾತ್ರ ಹಿತ್ತಿಲಿಂದ ಬರುತ್ತದೆ, ಅದೂ ಹಳೇ ಪೇಪರಿನಲ್ಲಿ ಸುತ್ತಿಕೊಂಡು, ಷರಟಿನೊಳಗೆ ಅವಿತುಕೊಂಡು. ತಂದವನಿಗೂ ಇಸಕೊಂಡವನಿಗೂ ಮುಖದಲ್ಲಿ ಕಳ್ಳಕಳೆ. ಸ್ವಲ್ಪ ಹೊತ್ತಿಗೆ ಮನೆಯ ಯಜಮಾನರು ಹೆಂಡತಿಗೆ, ‘ಶುಂಠಿ ನೋಡ್ಕೊಂಡ್ ಬತ್ತೀವಿ’ ಎನ್ನುತ್ತಾರೆ. ರಾತ್ರಿ ಎಂಟೂವರೆಗೆ, ಅಮಾವಾಸ್ಯೆ ಕತ್ತಲಲ್ಲಿ, ಶುಂಠಿ ನೋಡುವುದು! ಹೋಗಿ ಬಂದವರ ಕಣ್ಣು ಕೆಂಪಾಗಿರುವುದನ್ನು ನೋಡಿದರೆ ಈ ವರ್ಷ ಶುಂಠಿಗೆ ಒಳ್ಳೇ ಖಾರ ಬಂದಿದೆ ಎನ್ನಬೇಕು. ಅತ್ತ ಶುಂಠಿ ಪರೀಕ್ಷೆ ನಡೆಯುವಾಗ ಇತ್ತ ಒಲೆಯ ಮುಂದೆ ಮುದ್ದೆ ಕಟ್ಟಿ ಕುಳಿತವಳ ಗತಿ ಏನು? ನಾಟಿ ಕೋಳಿ ಸಾರನ್ನಾದರೂ ಮತ್ತೆ ಕಾಯಿಸಬಹುದು. ತಣ್ಣಗಾದ ಮುದ್ದೆಯನ್ನು ಮತ್ತೆ ಬಿಸಿ ಮಾಡಿ ಮೊದಲಿನ ಹದಕ್ಕೆ ತಂದ ಹೆಂಗಸು ಇನ್ನೂ ಹುಟ್ಟಿಲ್ಲ. ಅಡುಗೆ ಮಾಡಿದವಳ ಊಟವನ್ನೇ ಕೆಡಿಸುವ ವಸ್ತುವನ್ನು ಆ ಮನೆಗೆ ಉಡುಗೊರೆ ಎಂದು ಒಯ್ಯುವುದು ಯಾವ ಲೆಕ್ಕ? ಅವಳೇನು, ಬಾಯಿ ಬಿಟ್ಟು ಹೇಳುವುದಿಲ್ಲ. ಸಾರಿನ ಸೌಟು ಪಾತ್ರೆಗೆ ಬಡಿಯುವ ಸದ್ದಿನಲ್ಲೇ ಎಲ್ಲ ಹೇಳುತ್ತಾಳೆ.

ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ನಮ್ಮ ಸೋದರಳಿಯನೊಬ್ಬ ಇದಕ್ಕೆ ಪರಿಹಾರ ಕಂಡುಹಿಡಿದ. ಅಮೆರಿಕದಲ್ಲಿ ಎರಡು ವರ್ಷ ಇದ್ದು ಬಂದವನು. ಅಲ್ಲಿ ಊಟಕ್ಕೆ ಹೋಗುವಾಗ ವೈನ್ ಬಾಟ್ಲು ಒಯ್ಯುತ್ತಾರಂತೆ, ಅದನ್ನು ಮುಂಬಾಗಿಲಲ್ಲೇ, ಮನೆಯಾಕೆಯ ಕೈಗೇ ಕೊಡುತ್ತಾರಂತೆ. ಕುಡಿಯದವರ ಮನೆಗೆ? ಅದಕ್ಕೂ ಈಗ ಮದ್ಯದ ಅಂಶವೇ ಇಲ್ಲದ ಬಿಯರು ಬಂದಿದೆಯಂತೆ. ಹಸಿರು ಬಾಟ್ಲು, ಮೇಲೆ ‘0.0’ ಎಂಬ ಬರಹ. ಅದರಲ್ಲಿ ಆರು ಬಾಟ್ಲನ್ನು ಕಾರಿನಲ್ಲಿಟ್ಟುಕೊಂಡು ಅಂತರಸಂತೆಯ ದೊಡ್ಡಪ್ಪನ ಮನೆಗೆ ಊಟಕ್ಕೆ ಬಂದ. ಎಲ್ಲರ ಎದುರಿಗೆ, ಹಜಾರದ ಮಧ್ಯೆ, ಎದೆಯುಬ್ಬಿಸಿ ಇಟ್ಟ. ದೊಡ್ಡವ್ವ ಸೆರಗು ಬಾಯಿಗೆ ಹಿಡಿದಳು. ಪಕ್ಕದ ಮನೆಯವರು ಕಿಟಕಿಯಿಂದ ಎಣಿಸಿದರು. ದೊಡ್ಡಪ್ಪ ಮಾತ್ರ ಗಂಭೀರವಾಗಿ ಒಂದನ್ನು ಪೂರ್ತಿ ಕುಡಿದು, ಗಡಿಯಾರ ನೋಡುತ್ತ ಕಾದು, ಕಾದು, ಕೊನೆಗೆ, ‘ಏನ್ಲಾ ಇದು, ಕೆಟ್ಟೋಗಿರ ಸೋಡಾ?’ ಎಂದರು. ಮಾನ ಹೋಯ್ತು, ಮತ್ತು ಬರಲಿಲ್ಲ. ಊರಿನಲ್ಲಿ ಇವತ್ತಿಗೂ ಆ ಹುಡುಗನ ಹೆಸರು ‘ಆರು ಬಾಟ್ಲು’.

ನಮ್ಮ ಕಡೆ ಬಾಟ್ಲನ್ನು ಮುಂಬಾಗಿಲಲ್ಲೇ, ತಲೆಯೆತ್ತಿ, ಎಲ್ಲರಿಗೂ ಕಾಣುವ ಹಾಗೆ ತರಬಹುದಾದ ಒಂದೇ ಒಂದು ದಿನ ಇದೆ, ಪಿತೃಪಕ್ಷದ ಎಡೆಯ ದಿನ. ತೀರಿಕೊಂಡ ಹಿರಿಯರಿಗೆ ಪಂಚೆ, ಸೀರೆ, ಕೋಳಿ ಸಾರು, ಬೀಡಿ ಕಟ್ಟು, ಜೊತೆಗೆ ಅವರು ಇಷ್ಟಪಡುತ್ತಿದ್ದ ಬ್ರಾಂದಿಯನ್ನೂ ಇಡುವ ಪದ್ಧತಿ ಬಹಳ ಮನೆಗಳಲ್ಲಿದೆ. ಬದುಕಿದ್ದಾಗ ‘ಹಾಳಾಗ್ ಹೋಗ’ ಎಂದು ಬೈದು ಬಾಟ್ಲು ಒಡೆದು ಹಾಕಿದ ಅಜ್ಜಿಯೇ ಈಗ ಫೋಟೋದ ಮುಂದೆ ಮುಚ್ಚಳ ತೆಗೆದು ಇಡುತ್ತಾಳೆ. ಅವತ್ತಿನ ಮಟ್ಟಿಗೆ ನನ್ನ ತಕರಾರು ಇಲ್ಲ. ಸತ್ತವರು ಶುಂಠಿ ನೋಡಲು ಹೋಗುವುದಿಲ್ಲ.

ಉಳಿದ ದಿನಗಳಲ್ಲಿ ಬಾಟ್ಲಿನ ಅಂಗಡಿಯ ದಾರಿಯನ್ನೇ ಕಾಲು ಹಿಡಿದರೆ ಅದಕ್ಕೂ ನನ್ನಲ್ಲಿ ಒಂದು ಉಪಾಯ ಇದೆ. ಮದ್ಯ ಮಾರುವ ಸರ್ಕಾರಿ ಎಂಎಸ್‌ಐಎಲ್ ಸಂಸ್ಥೆಯೇ ಮಕ್ಕಳಿಗೆ ‘ಲೇಖಕ್’ ನೋಟ್‌ಬುಕ್ಕುಗಳನ್ನೂ ಮಾಡುತ್ತದೆ. ಆ ಸಂಸ್ಥೆಯನ್ನು ಉದ್ಧಾರ ಮಾಡಲೇಬೇಕು ಎಂಬ ದೇಶಭಕ್ತಿ ನಿಮಗಿದ್ದರೆ ಅರ್ಧ ಡಜನ್ ನೋಟ್‌ಬುಕ್ ಒಯ್ಯಿರಿ. ಮಕ್ಕಳು ನಿಮ್ಮನ್ನು ಶಪಿಸಿದರೂ ಅವರ ತಾಯಿ ಹರಸುತ್ತಾಳೆ.

ಸರಿ, ಬಾಟ್ಲು ಬೇಡ. ಹಾಗಾದರೆ ಏನು?

ಬೇಕರಿಯವನನ್ನು ಕೇಳಿದರೆ ಬ್ರೆಡ್ಡು ತೋರಿಸುತ್ತಾನೆ. ಬ್ರೆಡ್ಡು, ಸೇಬು, ಎಳನೀರು, ಹಾರ್ಲಿಕ್ಸು, ಈ ನಾಲ್ಕೂ ಆಸ್ಪತ್ರೆಯ ಸ್ವತ್ತು. ಗಟ್ಟಿಮುಟ್ಟಾಗಿರುವವರ ಮನೆಗೆ ಹಾರ್ಲಿಕ್ಸ್ ಹಿಡಿದು ಹೊರಟು ನೋಡಿ, ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಹತ್ತು ಜನ ನಿಲ್ಲಿಸಿ ಕೇಳುತ್ತಾರೆ: ‘ಯಾರ್ಗೆ? ಯಾವಾಗಿಂದ? ಮೈಸೂರ್ಗೆ ಸೇರ್ಸಿದ್ರಾ?’ ನೀವು ಊಟಕ್ಕೆ ಕೂರುವ ಹೊತ್ತಿಗೆ ಮನೆಯ ಮುಂದೆ ಕ್ಷೇಮ ವಿಚಾರಿಸುವವರ ಸಾಲು ನಿಂತಿರುತ್ತದೆ. ಅವರೂ ಬರಿಗೈಲಿ ಬಂದಿರುವುದಿಲ್ಲ, ಅದು ಬೇರೆ ಮಾತು.

ಸ್ವೀಟ್ ಬಾಕ್ಸು? ಮೈಸೂರಿನಿಂದ ಬರುವವರಿಗೆ ಮೈಸೂರು ಪಾಕು ಬಿಟ್ಟರೆ ಬೇರೆ ಹೊಳೆಯುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಮಾಡಿದ ತಿಂಡಿ ಎಂಬ ಹೆಮ್ಮೆಯ ಕತೆ ಅದರ ಜೊತೆಗಿದೆ, ಅವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿ ಇವತ್ತಿಗೂ ಇದೆ. ರಟ್ಟಿನ ಡಬ್ಬದ ತಳಕ್ಕೆ ತುಪ್ಪ ಇಳಿದಿದ್ದರೆ ಒಳ್ಳೇ ಮಾಲು, ಅದೇ ತುಪ್ಪ ಬಸ್ಸಿನಲ್ಲಿ ಪಕ್ಕದವರ ಪಂಚೆಗೆ ಇಳಿದರೆ ಜಗಳ. ತೊಂದರೆ ಅದಲ್ಲ. ಈಗ ಮನೆಗೊಬ್ಬರಿಗೆ ಶುಗರ್ ಇದೆ. ಡಬ್ಬ ಒಳಗೆ ಹೋದ ತಕ್ಷಣ ಸೊಸೆ ಅದನ್ನು ಬೀರುವಿನ ಮೇಲೆ, ಹಳೇ ಟ್ರಂಕಿನ ಹಿಂದೆ ಬಚ್ಚಿಡುತ್ತಾಳೆ. ಮಾವ ಅದನ್ನು ಊಟದ ಮಧ್ಯೆಯೇ ಕಣ್ಣಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ನಡುರಾತ್ರಿ ಸ್ಟೂಲು ಎಳೆದ ಸದ್ದಾಗುತ್ತದೆ. ಬೆಳಿಗ್ಗೆ ಇರುವೆಯ ಮೇಲೆ ಆರೋಪ. ನೀವು ಹೋಗಿ ವಾರವಾದರೂ ಆ ಮನೆಯಲ್ಲಿ ನಿಮ್ಮ ಡಬ್ಬದ ವಿಚಾರಣೆ ಮುಗಿದಿರುವುದಿಲ್ಲ.

ಇನ್ನೊಂದು ಜಾತಿಯ ಡಬ್ಬ ಇದೆ, ಸೋನ್ ಪಾಪ್ಡಿ. ಅದನ್ನು ಯಾರೂ ಬಿಚ್ಚುವುದಿಲ್ಲ, ಎಲ್ಲರೂ ಕೊಡುತ್ತಾರೆ. ದೀಪಾವಳಿಗೆ ಹುಣಸೂರಿನಲ್ಲಿ ಹೊರಟ ಡಬ್ಬ ಪಿರಿಯಾಪಟ್ಟಣದ ಬೀಗರ ಮನೆಗೆ, ಅಲ್ಲಿಂದ ಕೆ.ಆರ್. ನಗರದ ನಾದಿನಿ ಮನೆಗೆ, ಅಲ್ಲಿಂದ ಅಂತರಸಂತೆಗೆ ಬರುತ್ತದೆ. ನಾಲ್ಕು ತಾಲೂಕಿನ ಪ್ರವಾಸ ಮಾಡಿದ್ದರೂ ಒಂದು ಎಳೆ ಮುಕ್ಕಾಗಿರುವುದಿಲ್ಲ. ತಳದ ತಾರೀಕು ಒಮ್ಮೆ ನೋಡಿಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ. ಒಳಗಡೆ ಮೊದಲು ಕೊಟ್ಟವರ ಹೆಸರಿನ ಚೀಟಿ ಇದ್ದರೆ ಅದನ್ನೂ.

ಬುದ್ಧಿವಂತರು ಜೇನುತುಪ್ಪ ಒಯ್ಯುತ್ತಾರೆ. ಇದು ನಮ್ಮ ನೆಲದ್ದೇ ವಸ್ತು. ಸುತ್ತಲ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ, ಎತ್ತರದ ಮರದ ಹೆಜ್ಜೇನು ಇಳಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಗುರುತಿರುವ ಹಾಡಿಯವರಿಂದಲೋ, ಗಿರಿಜನರ ಲ್ಯಾಂಪ್ಸ್ ಸೊಸೈಟಿಯಿಂದಲೋ ಕೊಂಡರೆ ಕೊಟ್ಟ ದುಡ್ಡಿಗೂ ಅರ್ಥ ಇದೆ. ರಸ್ತೆ ಪಕ್ಕ ಹಳೇ ಬಾಟ್ಲಿನಲ್ಲಿ ಸಿಗುವುದು ಬೆಲ್ಲದ ಪಾಕವೋ ಜೇನೋ ಎಂದು ಬೆಂಕಿಕಡ್ಡಿ ಗೀರಿ, ನೀರಿಗೆ ಹನಿಸಿ ಪಂಡಿತರಾಗಬೇಡಿ. ಮನೆಯಲ್ಲಿ ಮಾಡುವ ಈ ಪರೀಕ್ಷೆಗಳನ್ನೆಲ್ಲ ಪಾಕವೂ ಸಲೀಸಾಗಿ ಪಾಸು ಮಾಡುತ್ತದೆ. ಇನ್ನೊಂದು ಎಚ್ಚರಿಕೆ. ಕಾಡುಜೇನಿನಲ್ಲಿ ತೇವಾಂಶ ಹೆಚ್ಚು. ಅದು ಶೇಕಡ 20 ದಾಟಿತೆಂದರೆ ಜೇನು ಹುಳಿಯಲು ಶುರುಮಾಡುತ್ತದೆ, ಒಳಗೆ ಗಾಳಿ ತುಂಬುತ್ತದೆ. ನಮ್ಮ ಪರಿಚಯದ ಮೇಷ್ಟ್ರೊಬ್ಬರು ಮದ್ಯಪಾನ ವಿರೋಧಿ ಭಾಷಣಕ್ಕೆ ಹೆಸರಾದವರು. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಜೇನಿನ ಬಾಟ್ಲು ಇಟ್ಟುಕೊಂಡು ಊಟಕ್ಕೆ ಬಂದರು. ಮನೆಯವರ ಮುಂದೆ ಮುಚ್ಚಳ ಸಡಿಲಿಸಿದ್ದೇ ತಡ, ‘ಠಪ್’ ಎಂದು ಅದು ತೊಲೆಗೆ ಹಾರಿತು, ಬಿಳೀ ಷರಟಿನ ಮೇಲೆ ನೊರೆ ಇಳಿಯಿತು, ಹಜಾರದ ತುಂಬ ಹೆಂಡದಂಗಡಿಯ ವಾಸನೆ ಹಬ್ಬಿತು. ಯಜಮಾನರು ಮೇಷ್ಟ್ರ ಕಡೆ ನೋಡಿದ ಆ ನೋಟದಲ್ಲಿ ಎಷ್ಟು ವರ್ಷದ ಸಮಾಧಾನ ಇತ್ತೆಂದರೆ, ಭಾಷಣಕ್ಕೆಲ್ಲ ಬಡ್ಡಿ ಸಮೇತ ಉತ್ತರ ಸಿಕ್ಕಿತ್ತು.

ಕೆಲವರಿಗೆ ಉಪಕಾರ ಮಾಡುವ ಉತ್ಸಾಹ. ಕಬಿನಿಯಲ್ಲಿ ಹಿಡಿದ ಮೀನನ್ನು ಸಂಜೆ ಏಳಕ್ಕೆ ಹಸಿಯಾಗಿ ತಂದು ಮನೆಯಾಕೆಯ ಮುಂದಿಡುತ್ತಾರೆ: ‘ಫ್ರೆಸ್ಸು ಅಕ್ಕ!’ ಅಡುಗೆ ಮುಗಿಸಿ, ಮುಖ ತೊಳೆದು, ಹೂ ಮುಡಿದು ನಿಂತವಳು ಈಗ ಈಳಿಗೆಮಣೆ ಹಾಕಿಕೊಂಡು ಹುರುಪೆ ಕೆರೆಯಬೇಕು. ಕಾಲು ಕಟ್ಟಿದ ನಾಟಿ ಕೋಳಿ ತರುವವರೂ ಇದ್ದಾರೆ. ಪ್ರೀತಿ ದೊಡ್ಡದೇ, ಆದರೆ ಊಟ ರಾತ್ರಿ ಹನ್ನೊಂದಕ್ಕೆ. ಸೊನೆ ಅವರೆಕಾಯಿ ಮೂಟೆ ತಂದರಂತೂ ನೆಂಟರು, ಮನೆಯವರು, ಪಕ್ಕದ ಮನೆಯವರು ಎಲ್ಲ ಸುತ್ತ ಕುಳಿತು ಸುಲಿಯಬೇಕು, ಹಿತಕಬೇಕು. ಆ ಹೊತ್ತಿಗೆ ಕೆಲಸ ಹಚ್ಚುವ ಯಾವ ವಸ್ತುವೂ ಉಡುಗೊರೆಯಲ್ಲ, ಶಿಕ್ಷೆ.

ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ತಂದರೆ ಸನ್ಮಾನ ಎಂದು ತಿಳಿದು ಯಜಮಾನರು ನಾಲ್ಕು ಮಾತಾಡಲು ಎದ್ದು ನಿಲ್ಲುವ ಅಪಾಯ ಇದೆ. ಸರ್ಕಾರವೇ ಇದಕ್ಕೆ ಹೆದರಿ 2021ರ ಆಗಸ್ಟಿನಲ್ಲಿ, ಬೊಮ್ಮಾಯಿಯವರ ಕಾಲದಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದಿತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ನಮ್ಮ ಜಿಲ್ಲೆಯ ಸಿದ್ದರಾಮಯ್ಯನವರೂ ಹೂವು ಶಾಲು ಬೇಡ, ಪುಸ್ತಕ ಕೊಡಬಹುದು ಎಂದರು. ಇದನ್ನು ಕೇಳಿ ಅತಿ ಹೆಚ್ಚು ಸಂತೋಷಪಟ್ಟವರು ನನ್ನಂಥ ಬರಹಗಾರರು. ಮಂಚದ ಕೆಳಗೆ ಉಳಿದ ಸ್ವಂತ ಪುಸ್ತಕದ ಕಟ್ಟುಗಳಿಗೆ ಒಂದು ದಾರಿ ಆಯಿತಲ್ಲ! ಓದುವವರ ಮನೆಗೆ ಪುಸ್ತಕದಷ್ಟು ಒಳ್ಳೆಯದು ಇನ್ನಿಲ್ಲ, ಒಪ್ಪುತ್ತೇನೆ. ಆದರೆ ಸ್ವಂತ ಪುಸ್ತಕ ಒಯ್ದವರು ಊಟದ ನಂತರ ಅದರಿಂದ ಓದಿ ಹೇಳಲು ಶುರುಮಾಡಿದರೆ ಮುಂದಿನ ಸಲ ಮನೆಯವರೇ ಬಾಟ್ಲು ತರಿಸಿಟ್ಟಿರುತ್ತಾರೆ.

ಇನ್ನು ಬೆಲೆಯ ಮಾತು. ಹೊಗೆಸೊಪ್ಪಿನ ಹರಾಜು ಶುರುವಾಗಿ ಕೈಯಲ್ಲಿ ದುಡ್ಡು ಆಡುವ ತಿಂಗಳುಗಳಲ್ಲಿ ನಮ್ಮ ನೆಂಟರ ಡಬ್ಬಗಳು ಏಕಾಏಕಿ ದೊಡ್ಡದಾಗುತ್ತವೆ. ಗೋಡಂಬಿ, ಪಿಸ್ತಾ, ಮೇಲೆ ಝಗಝಗಿಸುವ ಕಾಗದ. ಕೊಟ್ಟವನು ಮರೆಯುತ್ತಾನೆ, ತಗೊಂಡವರು ಮರೆಯುವುದಿಲ್ಲ. ಮದುವೆಯ ಮುಯ್ಯಿಗಾದರೆ ಪುಸ್ತಕ ಇದೆ. ಇಂಥವರು ಇಷ್ಟು ಕೊಟ್ಟರು ಎಂದು ಬರೆದಿಟ್ಟು, ಅವರ ಮನೆಯ ಮದುವೆಯಲ್ಲಿ ತೀರಿಸಬಹುದು. ಊಟದ ಉಡುಗೊರೆಗೆ ಪುಸ್ತಕ ಇಲ್ಲ, ಲೆಕ್ಕ ಮನೆಯಾಕೆಯ ತಲೆಯಲ್ಲೇ ಇರುತ್ತದೆ. ‘ಅವರು ಸಾವಿರ ರೂಪಾಯಿಂದು ತಂದವ್ರೆ, ನಾವು ಹೋದಾಗ ಬಾಳೆಹಣ್ಣು ಒಯ್ಯಕ್ಕಾದದಾ?’ ಆದ್ದರಿಂದ ಅವರು ನಿಮ್ಮ ಮನೆಗೆ ಬರುವುದನ್ನೇ ಮುಂದಕ್ಕೆ ಹಾಕುತ್ತ ಹೋಗುತ್ತಾರೆ. ದೊಡ್ಡ ಡಬ್ಬ ಕೊಟ್ಟು ನೆಂಟಸ್ತನ ಕಳೆದುಕೊಂಡವರು ಬೇಕಾದಷ್ಟಿದ್ದಾರೆ. ಈ ವಿಷಯದಲ್ಲಿ ಜಾಣರೆಂದರೆ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರು. ‘ಖತಾ’ ಎಂಬ ಬಿಳಿಯ ತೆಳು ವಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸುತ್ತಾರೆ. ದೊಡ್ಡವರಾದರೆ ಅದನ್ನೇ ತಿರುಗಿ ಕೊಟ್ಟವರ ಕೊರಳಿಗೆ ಹಾಕಿ ಹರಸುತ್ತಾರೆ. ಕೊಟ್ಟದ್ದೂ ಆಯಿತು, ಬಂದದ್ದೂ ಆಯಿತು, ಬಾಕಿ ಸೊನ್ನೆ.

ನಮ್ಮಲ್ಲಿ ಆ ಸೊನ್ನೆ ಮಾಡುವ ಕೆಲಸ ಹೂವು, ಹಣ್ಣು, ಎಲೆಅಡಿಕೆಯದ್ದು. ನೋಡಿ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಸೂಚನೆಯ ಮಾನ್ಯತೆ ಇದೆ. ಇಡೀ ತಾಂಬೂಲದ ತಟ್ಟೆಗೇ ಸರ್ಕಾರದ ಮುದ್ರೆ ಬಿದ್ದ ಜಿಲ್ಲೆ ನಮ್ಮದು, ನಾವು ಪ್ಲಾಸ್ಟಿಕ್ ಡಬ್ಬ ಹುಡುಕುತ್ತೇವೆ. ರಸಬಾಳೆಗೆ ಪನಾಮಾ ಸೊರಗು ರೋಗ ಬಡಿದು ಬೆಳೆಯುವವರೇ ಕಡಿಮೆಯಾದರು, ಅಂಗಡಿಯವನು ಅದರ ಹೆಸರು ಹೇಳಿ ಕೊಡುವುದನ್ನೆಲ್ಲ ನಂಬಬೇಡಿ. ಏಲಕ್ಕಿ ಬಾಳೆಯೇ ಸಾಕು. ಬಿಡಿಹಣ್ಣು ಬೇಡ, ಚಿಪ್ಪೇ ಇರಲಿ. ಹೂವಿನವಳ ಮೊಳ ಮಾತ್ರ ನೋಡಿಕೊಳ್ಳಿ. ನಿಮ್ಮ ಎದುರಿಗೆ ನೀಳವಾಗಿದ್ದ ಅವಳ ಕೈ ಹೂ ಅಳೆಯುವಾಗ ಎಷ್ಟು ಗಿಡ್ಡವಾಗುತ್ತದೆಂದರೆ ಅದೊಂದು ಕಣ್ಕಟ್ಟು.

ಹೂವಿನ ವಿಷಯದಲ್ಲಿ ಒಂದು ಮಾತು ಸ್ವಲ್ಪ ಕೋಪದಿಂದಲೇ ಹೇಳಬೇಕು. ಗಂಡನನ್ನು ಕಳೆದುಕೊಂಡ ಅತ್ತೆಯೋ ಅಜ್ಜಿಯೋ ಮನೆಯಲ್ಲಿದ್ದರೆ ಹೂವು ತಂದ ನೆಂಟ ಅವರನ್ನು ದಾಟಿಕೊಂಡು ಸೊಸೆಯ ಕೈಗೆ ಕೊಡುತ್ತಾನೆ. ಇಷ್ಟು ವರ್ಷ ಆ ಮನೆ ನಡೆಸಿದವಳು ಕಂಬದ ಹಿಂದೆ ಸರಿಯುತ್ತಾಳೆ. ಹೀಗೆ ಮಾಡಬೇಕೆಂದು ಯಾವ ಮಾದಪ್ಪನೂ ಹೇಳಿಲ್ಲ. ನೀವು ತಂದ ಪೂರಾ ಚೀಲವನ್ನು ಮೊದಲು ಅವಳ ಕೈಗೇ ಕೊಡಿ. ಹೂವು ಯಾರಿಗೆ, ಹಣ್ಣು ಯಾರಿಗೆ ಎಂದು ಅವಳೇ ಹಂಚಲಿ. ಜೊತೆಗೆ ಅವಳಿಗೆಂದೇ ಒಂದು ಕವಳಿಗೆ ಎಲೆ, ಒಂದಿಷ್ಟು ಅಡಿಕೆ ಇದ್ದರೆ ಮುಗಿಯಿತು, ನಾಳೆ ಬೀದಿಯಲ್ಲಿ ನಿಮ್ಮ ವಿಷಯ ಮಾತಾಡುವವಳು ಅವಳೇ.

ಅಷ್ಟಕ್ಕೂ ನೀವು ಏನೇ ಒಯ್ದರೂ ಸೋಲುವುದು ನೀವೇ. ಹೊರಡುವಾಗ ನಿಮ್ಮ ಚೀಲವನ್ನು ಬರಿದಾಗಿ ಕಳಿಸುವ ಮನೆ ಈ ನಾಲ್ಕು ತಾಲೂಕಿನಲ್ಲಿಲ್ಲ. ‘ತಡೀರಿ, ಒಂದ್ ನಿಮ್ಸ’ ಎಂದು ಹಿತ್ತಿಲಿಗೆ ಹೋದವಳು ಎರಡು ಸೀಮೆಬದನೆ, ಒಂದು ಸೋರೆಕಾಯಿ, ನಾಲ್ಕು ತೆಂಗಿನಕಾಯಿ, ಒಂದು ಸೇರು ಹುರುಳಿ, ಒಣಗಿಸಿದ ಮೆಣಸಿನಕಾಯಿ ತಂದು ತುಂಬುತ್ತಾಳೆ. ಕೆ.ಆರ್. ನಗರದ ಕಡೆಯಾದರೆ ಹೊಸ ಅಕ್ಕಿ. ನೀವು ಈಗ ‘ಇದೆಲ್ಲಾ ಯಾಕೆ?’ ಎನ್ನಬೇಕು, ಅವಳು ‘ಏನಿಲ್ಲ ಬುಡಿ, ಹಿತ್ಲಲ್ಲಿ ಬೆಳ್ದದ್ದು’ ಎನ್ನಬೇಕು. ಪಾತ್ರ ಬದಲು, ನಾಟಕ ಅದೇ. ಅಷ್ಟರಲ್ಲಿ ನೀವು ಮಗುವಿನ ಅಂಗೈಗೆ ಐವತ್ತು ರೂಪಾಯಿ ತುರುಕುತ್ತೀರಿ, ತಾಯಿ ಕಿತ್ತು ನಿಮ್ಮ ಜೇಬಿಗಿಡುತ್ತಾಳೆ, ನೀವು ಮತ್ತೆ ತುರುಕುತ್ತೀರಿ, ಮಗು ಯಾವಾಗ ಮುಷ್ಟಿ ಬಿಗಿಹಿಡಿಯಬೇಕೆಂದು ಕಲಿತಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದಂತಾದ ಮೇಲೆ ಈ ವ್ಯವಹಾರ ಇನ್ನೂ ಜೋರಾಗಿದೆ. ಕೋಟೆ ಬಸ್ಸಿನ ಸೀಟಿನ ಕೆಳಗೆ ಹೋಗುವಾಗ ಬಾಳೆಹಣ್ಣು, ಬರುವಾಗ ಸೋರೆಕಾಯಿ. ಉಳಿದ ಟಿಕೆಟ್ ದುಡ್ಡು ಬಿಸ್ಕತ್ತಿಗೆ ಹೋಗಿದೆ.

ನನ್ನ ತೀರ್ಪು ಕೇಳುತ್ತೀರಾದರೆ ಇಷ್ಟು. ಯಾರಾದರೂ ಅಂತರಸಂತೆಗೆ ಊಟಕ್ಕೆ ಕರೆದರೆ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಹೂವು, ಅಜ್ಜಿಗೆ ಎಲೆಅಡಿಕೆ, ಮಕ್ಕಳಿಗೆ ಬಿಸ್ಕತ್ತು ಪೊಟ್ಟಣ, ಬೇಕಾದರೆ ಒಂದು ದೊಡ್ಡ ಬಾಟ್ಲು ಕಲರ್ ತಗೊಳ್ಳಿ. ಮುಂಬಾಗಿಲಿಂದಲೇ ಹೋಗಿ, ಮುದ್ದೆ ಬಿಸಿ ಇರುವಾಗಲೇ ಕೂತು ಉಣ್ಣಿ. ಒಯ್ಯುವ ಬಟ್ಟೆ ಚೀಲ ಮಾತ್ರ ದೊಡ್ಡದೇ ಇರಲಿ, ಅವರೆಕಾಯಿ ಕಾಲವಾದರೆ ಎರಡು ಇಟ್ಟುಕೊಳ್ಳಿ.